ತೊಗರಿಗೆ ಎಣ್ಣೆ ಹೊಡೆಯುವವರ ರಕ್ತಪರೀಕ್ಷೆ: ಯಾವಾಗ ಮಾಡಿಸಬೇಕು, ಹೇಗೆ ಓದಬೇಕು

ಕಲಬುರಗಿ ಸೀಮೆಯಲ್ಲಿ ತೊಗರಿ ಹೂವಿಗೆ ಬಂದಿತೆಂದರೆ ಕಾಯಿಕೊರಕ ಹುಳಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಕೂಲಿಗೆ ಬಿಡುವಿರುವುದಿಲ್ಲ. ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್‌ನಂತಹ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಚರ್ಮದಿಂದಲೂ ಉಸಿರಿನಿಂದಲೂ ಒಳಸೇರಿ, ನರಸಂದೇಶ ಒಯ್ಯುವ ಅಸಿಟೈಲ್‌ಕೊಲಿನನ್ನು ಒಡೆಯುವ ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಮೈಯಲ್ಲಿ ತೊಂದರೆ ಕಾಣಿಸುವ ಮೊದಲೇ ಈ ಕಿಣ್ವದ ಇಳಿತವನ್ನು ರಕ್ತದಲ್ಲಿ ಅಳೆಯಬಹುದು.

ಮೊದಲ ಪರೀಕ್ಷೆಯನ್ನು ಹಂಗಾಮಿಗೆ ಮುಂಚೆ, ಕನಿಷ್ಠ 30 ದಿನ ಕೀಟನಾಶಕ ಮುಟ್ಟದೆ ಇದ್ದಾಗ ಮಾಡಿಸಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ಹೆಚ್ಚುಕಡಿಮೆ ವ್ಯರ್ಥವೇ ಸರಿ. ಏಕೆಂದರೆ ಮನುಷ್ಯರಿಂದ ಮನುಷ್ಯರಿಗೆ ಈ ಮಟ್ಟ ಬಹಳ ಬೇರೆಯಾಗಿದ್ದು, ಒಬ್ಬನ ಕಿಣ್ವ ಮೂರರಲ್ಲಿ ಒಂದು ಪಾಲು ಇಳಿದಿದ್ದರೂ ವರದಿಯಲ್ಲಿ ‘ನಾರ್ಮಲ್’ ಎಂದೇ ಅಚ್ಚಾಗಿರಬಹುದು. ಹೋಲಿಕೆ ಅವನದೇ ಹಳೆಯ ಅಂಕಿಯೊಂದಿಗೆ ಆಗಬೇಕು. ಎರಡೂ ಸಲ ಲ್ಯಾಬೂ ವಿಧಾನವೂ ಒಂದೇ ಇರಬೇಕು.

ಕೆಂಪು ರಕ್ತಕಣದ ಕಿಣ್ವ, ಪ್ಲಾಸ್ಮಾದ (ರಕ್ತದ ದ್ರವಭಾಗದ) ಕಿಣ್ವ ಎಂದು ಎರಡು ಬಗೆಯಿವೆ. ಪ್ಲಾಸ್ಮಾದ್ದು ಬೇಗ ಇಳಿದು ಬೇಗ ಏರುತ್ತದೆ, ಆದರೆ ಯಕೃತ್ತಿನ ಕಾಯಿಲೆ, ಬಸಿರು, ಅಪೌಷ್ಟಿಕತೆಗಳಲ್ಲಿಯೂ ಕಡಿಮೆಯಿರುತ್ತದೆ. ನರಗಳ ಸ್ಥಿತಿಗೆ ಕೆಂಪು ಕಣದ್ದೇ ಹೆಚ್ಚು ಹತ್ತಿರದ ಸಾಕ್ಷಿ. ಮೊದಲಿನ ಮಟ್ಟಕ್ಕಿಂತ ಶೇ. 20ರಷ್ಟು ಇಳಿದರೆ ಕೈಗವಸು, ಪಂಪಿನ ಸೋರಿಕೆ, ಗಾಳಿಗೆ ಎದುರಾಗಿ ಹೊಡೆಯುವ ರೂಢಿ ಇವನ್ನು ಪರಿಶೀಲಿಸಬೇಕು. ಕೆಂಪು ಕಣದ್ದು ಶೇ. 30 ಅಥವಾ ಪ್ಲಾಸ್ಮಾದ್ದು ಶೇ. 40 ಇಳಿದಿದ್ದರೆ ಆ ಕೆಲಸದಿಂದ ದೂರವಿದ್ದು, ಮಟ್ಟ ಮೊದಲಿನ ಶೇ. 80ಕ್ಕೆ ಬಂದ ಮೇಲೆಯೇ ಮರಳಬೇಕು. ಪೈರೆಥ್ರಾಯ್ಡ್ ಎಂಬ ಬೇರೆ ಗುಂಪಿನ ಕೀಟನಾಶಕಗಳ ಹಾನಿ ಈ ಪರೀಕ್ಷೆಗೆ ಸಿಕ್ಕುವುದಿಲ್ಲವಾದ್ದರಿಂದ ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸುವುದು ಒಳಿತು. ಕಣ್ಣಿನ ಪಾಪೆ ಕುಗ್ಗಿ, ಜೊಲ್ಲು ಸುರಿದು, ಉಸಿರು ಕಟ್ಟುತ್ತಿದ್ದರೆ ವರದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇವರಿಗೆ ಜ್ವರ, ಕೆಮ್ಮು ಬಂದಾಗ ಲೆಕ್ಕವೇ ಬೇರೆ, ಆಗ ನೋಡುವುದು ಸೋಂಕಿನ ರಕ್ತಪರೀಕ್ಷೆಗಳನ್ನು. ಸಿಆರ್‌ಪಿ ಎಂಬ ರಕ್ತದ ಪ್ರೋಟೀನು ಗಾಯಕ್ಕೂ ಉರಿಯೂತಕ್ಕೂ ಏರುವುದರಿಂದ ಅದೊಂದರಿಂದಲೇ ಬ್ಯಾಕ್ಟೀರಿಯಾ ಸೋಂಕೆಂದು ತೀರ್ಮಾನಿಸಲಾಗದು. ರಕ್ತದಲ್ಲಿ ಅಳೆಯುವ ಇನ್ನೊಂದು ಅಂಶವಾದ ಪ್ರೊಕ್ಯಾಲ್ಸಿಟೋನಿನ್ ಈ ವಿಷಯದಲ್ಲಿ ಮೇಲು: ಶ್ವಾಸಕೋಶದ ಸೋಂಕಿನಲ್ಲಿ ಅದು ಮಿ.ಲೀ.ಗೆ 0.25 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಬ್ಯಾಕ್ಟೀರಿಯಾದ ಸಾಧ್ಯತೆ ಕಡಿಮೆ. ಆದರೂ ಜ್ವರದ ಮೊದಲ ತಾಸುಗಳಲ್ಲಿ ಅದು ಏರಿರುವುದಿಲ್ಲ, ಮರುಪರೀಕ್ಷೆ ಬೇಕಾಗಬಹುದು. ಕ್ಷಯದಲ್ಲಿಯೂ ಅದು ಹಲವು ಸಲ ಕೆಳಗೇ ಇರುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಈ ಅಂಕಿಗಳನ್ನು ನೆಚ್ಚದೆ ಕಫ ಪರೀಕ್ಷೆಯನ್ನೇ ಮಾಡಿಸಬೇಕು.