ಬರದಲ್ಲಿ ಮಳೆ ಲೆಕ್ಕ: ಸೊನ್ನೆಯನ್ನೂ ಬರೆಯಬೇಕು

ಮಳೆಯೇ ಇಲ್ಲದಾಗ ಏನು ಅಳೆಯುತ್ತೀರಿ ಅಂತ ಕೇಳುವವರಿದ್ದಾರೆ. ನಾನು ಅಳೆಯಲು ಶುರು ಮಾಡಿದ್ದೇ ಬರ ಬಿದ್ದ ಮೇಲೆ. ಸುದ್ದಿಯಲ್ಲಿ ಬರುವ ಅಂಕಿ ದೂರದ ಯಾವುದೋ ಕೇಂದ್ರದ್ದು. ಬರದ ವರ್ಷ ಮಳೆ ಒಂದು ಕಡೆ ಹೊಡೆದರೆ ಪಕ್ಕದಲ್ಲೇ ನೆಲ ಒಣಗಿರುತ್ತದೆ.

ನನ್ನದು ಆಲಿಕೆ ಇರುವ ಸಾದಾ ಮಳೆಮಾಪಕ. ಆಲಿಕೆಯ ಬಾಯಿ ಒಳಗಿನ ಕೊಳವೆಗಿಂತ ವಿಸ್ತೀರ್ಣದಲ್ಲಿ 10 ಪಟ್ಟು ದೊಡ್ಡದು. ಹಾಗಾಗಿ 1 ಮಿ.ಮೀ. ಮಳೆ ಕೊಳವೆಯಲ್ಲಿ 1 ಸೆಂ.ಮೀ. ಎತ್ತರ ನಿಲ್ಲುತ್ತದೆ. ಸಣ್ಣಪುಟ್ಟ ಮಳೆಯೇ ಜಾಸ್ತಿ ಇರುವಾಗ ಇದು ತುಂಬಾ ಉಪಯೋಗ. ಮಾಪಕ ಇಲ್ಲದಿದ್ದರೆ ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿ, ಒಂದು ಸ್ಕೇಲ್ ಸಾಕು. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ ಇಡಬೇಕು. ಚಾವಣಿ ಮೇಲೆ ಬೇಡ, ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುತ್ತದೆ.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡುತ್ತೇನೆ. ಬಂದಿಲ್ಲದಿದ್ದರೆ ಸೊನ್ನೆ ಬರೆಯುತ್ತೇನೆ, ಜಾಗ ಖಾಲಿ ಬಿಡುವುದಿಲ್ಲ. ಸೊನ್ನೆ ಅಂದರೆ ನೋಡಿದೆ, ಬಂದಿಲ್ಲ. ಖಾಲಿ ಅಂದರೆ ನೋಡಿಯೇ ಇಲ್ಲ. ಎರಡೂ ಬೇರೆ ಅಲ್ವಾ? 1998ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಶುರುವಾದ ಕೊಕೊರಾಸ್ ಎಂಬ ಸ್ವಯಂಸೇವಕರ ಜಾಲವೂ ತನ್ನ ಸದಸ್ಯರಿಂದ ಸೊನ್ನೆಯ ವರದಿಯನ್ನು ಕೇಳಿ ಪಡೆಯುತ್ತದೆ. ನೆಲ ಒದ್ದೆಯಾಗಿ ಕೊಳವೆಯಲ್ಲಿ ಅಳೆಯುವಷ್ಟು ಇಲ್ಲದಿದ್ದರೆ ‘ಹನಿ’ ಅಂತ ಬರೆಯುತ್ತೇನೆ.

ಬರದಲ್ಲಿ ಸೊನ್ನೆಯನ್ನು ಯಾರೂ ಅನುಮಾನಿಸುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಆಲಿಕೆಯಲ್ಲಿ ಧೂಳು, ಒಣ ಎಲೆ, ಜೇಡರ ಬಲೆ ಸೇರಿಕೊಳ್ಳುತ್ತವೆ. ತಾನೇ ಲೆಕ್ಕ ಇಡುವ ವಿದ್ಯುನ್ಮಾನ ಮಾಪಕವಂತೂ ಬಾಯಿ ಕಟ್ಟಿಕೊಂಡರೂ ಸುಮ್ನೆ ಸೊನ್ನೆ ತೋರಿಸುತ್ತಲೇ ಇರುತ್ತದೆ. ಅದಕ್ಕೇ ಮಳೆ ಬರಲಿ ಬಿಡಲಿ, ವಾರಕ್ಕೊಮ್ಮೆ ಆಲಿಕೆ ತೊಳೆಯುತ್ತೇನೆ. ಬಿಸಿಲು ಜೋರಾಗಿದ್ದರೆ ಬೆಳಗಿನವರೆಗೆ ಕಾಯುವುದಿಲ್ಲ. ಮಳೆ ನಿಂತ ಕೂಡಲೇ ಅಳೆದು, ಚೆಲ್ಲಿ, ಮರುದಿನದ ಲೆಕ್ಕಕ್ಕೆ ಸೇರಿಸುತ್ತೇನೆ. ಇಲ್ಲದಿದ್ದರೆ ಒಂದಿಷ್ಟು ಆವಿಯಾಗುತ್ತದೆ.

ಪುಸ್ತಕದಲ್ಲಿ ನಾನು ಹೆಚ್ಚು ನೋಡುವುದು ಕೊರತೆಯ ಕಾಲಂ. ಇಲ್ಲಿಯವರೆಗಿನ ವಾಡಿಕೆ ಮಳೆಯಲ್ಲಿ ಇಲ್ಲಿಯವರೆಗೆ ಬಿದ್ದದ್ದನ್ನು ಕಳೆದರೆ ಅದು ಸಿಗುತ್ತದೆ. ವಾಡಿಕೆ ಅಂದರೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿ. ಅದನ್ನು ಹತ್ತಿರದ ಹಳೆಯ ಕೇಂದ್ರದಿಂದ ತೆಗೆದುಕೊಳ್ಳಬೇಕು. ವಾಡಿಕೆ 200 ಮಿ.ಮೀ. ಇದ್ದು 90 ಬಿದ್ದಿದೆ ಅಂದುಕೊಳ್ಳಿ. ಒಂದೇ ದಿನ 30 ಸುರಿದರೆ ಬರ ಮುಗಿಯಿತು ಅನ್ನಿಸುತ್ತದೆ. ಆದರೂ 80 ಬಾಕಿ. ಮುಂದಿನ ವಾರ ಒಣಗಿದರೆ ಬಾಕಿ ಮತ್ತೆ ಏರುತ್ತದೆ.

ಮಳೆ ಶುರುವಾದ, ನಿಂತ ಹೊತ್ತನ್ನೂ ಬರೆದಿಡುತ್ತೇನೆ. ಒಣಗಿ ಗಟ್ಟಿಯಾದ ನೆಲದ ಮೇಲೆ ಅರ್ಧ ಗಂಟೆಯಲ್ಲಿ ಬಿದ್ದ 20 ಮಿ.ಮೀ. ಬಹುಪಾಲು ಹರಿದು ಹೋಗಬಹುದು. ರಾತ್ರಿಯಿಡೀ ನಿಧಾನವಾಗಿ ಬಿದ್ದರೆ ಇಂಗುತ್ತದೆ. ಮರುದಿನ ಒಂದು ಕಡೆ ಅಗೆದು ತೇವ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಿದರೆ ಗೊತ್ತಾಗುತ್ತದೆ.

ನೀವು ತಿಂಗಳ ನಡುವೆ ಶುರು ಮಾಡಿದರೆ ಆ ತಿಂಗಳ ಮೊತ್ತವನ್ನು ಇಡೀ ತಿಂಗಳ ವಾಡಿಕೆಗೆ ಹೋಲಿಸಬೇಡಿ. ಮುಂದಿನ ತಿಂಗಳ 1ರಿಂದ ಲೆಕ್ಕ ಹಿಡಿಯಿರಿ.