ಫರ್ಶಿ ಕಲ್ಲಿನ ಮೇಲೆ ಮಣ್ಣಿನ ಬಣ್ಣ ಕೊನೆಗೂ ನಿಂತಿತು

ಈ ಸಲ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ನಾನು ಮಣ್ಣಿನ ಬಣ್ಣದಲ್ಲಿ ಚಿತ್ರ ಬರೆದು ಇಟ್ಟ 23 ಫರ್ಶಿ, ಅಂದರೆ ನೆಲಕ್ಕೆ ಹಾಸುವ ಸುಣ್ಣದ ಕಲ್ಲುಗಳಲ್ಲಿ ಒಂದರ ಬಣ್ಣವೂ ಉದುರಲಿಲ್ಲ. "ಫರ್ಶಿ ಮೇಲೆ ಮಣ್ಣು ನಿಲ್ಲಂಗಿಲ್ಲ" ಎಂದವರೇ ಬಂದು ಉಗುರಿನಿಂದ ಕೆರೆದು ನೋಡಿದರು. ಕೆರೆಯಲಿ ಅಂತ ಬಿಟ್ಟೆ.

ನಾನು ಯಾರ ಹತ್ತಿರವೂ ಚಿತ್ರ ಕಲಿತವನಲ್ಲ. ಬೆಳಗಿನ ಜಾವ ಕಣ್ಣಿಗೆ ಬಂದದ್ದನ್ನು ಮರೆಯುವ ಮೊದಲು ಬರೆಯುತ್ತೇನೆ. ಹತ್ತು ತಲೆಯ ಎತ್ತು, ಹೊಟ್ಟೆಯೊಳಗೆ ಊರು ಹೊತ್ತ ತಾಯಿ, ಹೀಗೆ. ಶಹಾಬಾದಿನಿಂದ ತರುವ ಫರ್ಶಿ ತುಂಡುಗಳೇ ನನಗೆ ಕ್ಯಾನ್ವಾಸ್.

ಮೊದಲ ಪ್ರದರ್ಶನಕ್ಕೆ ಜಾಲಿ ಅಂಟು ಬಳಸಿದ್ದೆ. ಟೆಂಪೋದಿಂದ ಇಳಿಸುವಾಗಲೇ ಅರ್ಧ ಬಣ್ಣ ಗೋಣಿಚೀಲದ ಪಾಲಾಗಿತ್ತು. ಟೆಂಪೋ, ಹಾಲ್ ಬಾಡಿಗೆ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಮಾರಿದ್ದು ಒಂದೇ ಕಲ್ಲು, ಅದೂ 200 ರೂಪಾಯಿಗೆ. ಮರುವರ್ಷ ಬಿಳಿ ಗೋಂದು ಹಾಕಿದೆ. ಮೇ ಬಿಸಿಲಿಗೆ ಹಪ್ಪಳದ ಹಾಗೆ ಎದ್ದಿತು.

ದಾರಿ ಹೊಳೆದದ್ದು ಹಳೆಯ ಬೌದ್ಧ ಸ್ತೂಪ ಇರುವ, ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ. 'ರಾಯೊ ಅಸೋಕೊ', ಅಂದರೆ ರಾಜ ಅಶೋಕ ಅಂತ ಕೆತ್ತಿದ ಅಲ್ಲಿನ ಕಲ್ಲೂ ನನ್ನ ಫರ್ಶಿಯ ಹಾಗೆ ಸುಣ್ಣದ ಕಲ್ಲೇ. ಸುಣ್ಣದ ಕಲ್ಲಿಗೆ ಸುಣ್ಣವೇ ಹಿಡಿಯುತ್ತೆ ಅಲ್ವಾ ಅನ್ನಿಸಿತು.

ಅಂಟಿಗಾಗಿ ಮೊಸರು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದೆ. ಆ ಗಟ್ಟಿ ನಾಲ್ಕು ಪಾಲಿಗೆ ಒಂದು ಪಾಲಿನಷ್ಟು ಅರಳಿದ ಸುಣ್ಣ ಹಾಕಿ ಅರೆದೆ. ಮೊದಲು ಮುದ್ದೆ ಮುದ್ದೆ, ಆಮೇಲೆ ಜೇನಿನ ಹಾಗೆ ಎಳೆ ಬಿಡುತ್ತದೆ. ಅದಕ್ಕೆ ಜರಡಿ ಹಿಡಿದ ಕೆಮ್ಮಣ್ಣು. ನುಣುಪು ಮುಖ ಬೇಡ, ಒರಟು ಮುಖಕ್ಕೇ ಹಚ್ಚಬೇಕು, ಅದೂ ಕಲ್ಲು ಒದ್ದೆ ಇರುವಾಗ. ಎರಡು ಮೂರು ತಾಸಿನಲ್ಲಿ ಕಲಸಿದ್ದು ಖಾಲಿಯಾಗಬೇಕು. ಮೊಸರು ಎಷ್ಟು ಹುಳಿ ಇರಬೇಕು, ಕೊನೆಗೆ ಮೇಲೆ ಏನು ಸವರುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಎರೆಮಣ್ಣನ್ನೂ ನೋಡಿದೆ. ಒಣಗಿದ ಹೊಲದ ಹಾಗೆ ಬಿರಿಯಿತು. ಅರಿಶಿನ ಸುಣ್ಣಕ್ಕೆ ಬಿದ್ದ ಕೂಡಲೇ ಆರತಿ ನೀರಿನ ಕೆಂಪು ಬಂತು, ಖುಷಿಯಾಯಿತು. ಹದಿನೈದು ದಿನದ ಬಿಸಿಲಿಗೆ ಮಾಸಿಹೋಯಿತು. ಕಪ್ಪಿಗೆ ಒಲೆಯ ಮಸಿಯೇ ಗಟ್ಟಿ.

ಜಾತ್ರೆಯಲ್ಲಿ ಚಿತ್ರ ಯಾರು ನೋಡುತ್ತಾರೆ ಎಂದು ಕೆಲವರು ಕೇಳಿದರು. ಚಂಡೀಗಢದ ನೇಕ್ ಚಂದ್ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಒಡೆದ ಬಳೆ, ಪಿಂಗಾಣಿ ಚೂರಿನಿಂದ ಗುಟ್ಟಾಗಿ ಕಟ್ಟಿದ ಅವರ ಶಿಲ್ಪಗಳ ತೋಟ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ನೋಡಲು ಬಂದದ್ದು ಜನವೇ ಅಲ್ವಾ?

ನನ್ನ ಕಲ್ಲು ಈ ಸಲ 14 ಮಾರಿಹೋದವು. ಜಾಗ, ಟೆಂಪೋ ಕಳೆದು ಆರು ಸಾವಿರ ಉಳಿಯಿತು. ತಾಯಿಯ ಚಿತ್ರದ ಮುಂದೆ ಒಬ್ಬ ಅಜ್ಜಿ ಬಹಳ ಹೊತ್ತು ಕೂತಿದ್ದಳು. "ಯಪ್ಪಾ, ಇದು ನಮ್ಮ ಗ್ವಾಡಿಗಿ ಬಳಿಯೋ ಮಣ್ಣಲ್ಲೇನು?" ಎಂದಳು. ಹೌದಬೇ ಎಂದೆ. ಸೆರಗಿನ ಗಂಟು ಬಿಚ್ಚಿ 300 ಎಣಿಸಿ ಕೊಟ್ಟು, ಆರು ಕಿಲೋ ಕಲ್ಲನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದಳು.