ಪಯಸ್ವಿನಿ ಹೊಳೆಯ ಬೊಳ್ಳಕ್ಕೆ (ನೆರೆನೀರಿಗೆ) ಇಳಿದ ನನ್ನ ಕೆನೂ: ಏರ್ ಬ್ಯಾಗ್, ತೊಡೆ ಬೆಲ್ಟ್ ಕಟ್ಟಿದ ಅನುಭವ

ಕಳೆದ ಆಗಸ್ಟಲ್ಲಿ ಕಾಸರಗೋಡಿನ ಅಡೂರಿನ ಹತ್ರ ಪಯಸ್ವಿನಿಯಲ್ಲಿ ಕೆನೂ (ಮೇಲೆ ತೆರೆದಿರುವ, ಹುಟ್ಟು ಹಾಕುವ ಸಣ್ಣ ದೋಣಿ) ಪೂರ್ತಿ ಮಗುಚಿ, ರೋಲ್ ಮಾಡಿ, ಅಂದ್ರೆ ಕೂತಲ್ಲಿಂದಲೇ ದೋಣಿಯನ್ನು ತಿರುಗಿಸಿ, ಎದ್ದಾಗ ಒಳಗೆ ಇದ್ದದ್ದು ಆರೇಳು ಬಕೆಟ್ ನೀರು ಅಷ್ಟೆ. ನಮ್ಮವರು ಯಾರೂ ನಂಬಲಿಲ್ಲ, ವಿಡಿಯೊ ತೋರಿಸಿದ ಮೇಲೆ ಸುಮ್ಮನಾದ್ರು. ಅದಕ್ಕೂ ಎರಡು ವರ್ಷ ಹಿಂದೆ ಇದೇ ದೋಣಿ ತುಂಬಿ ಪಾದೆಗೆ (ಬಂಡೆಗೆ) ಅಡ್ಡ ಸಿಕ್ಕಿ ನಾಲ್ಕು ಜನ ಹಗ್ಗ ಹಾಕಿ ಎಳೆದ್ರೂ ಅಲುಗಿರಲಿಲ್ಲ. 13 ಅಡಿ ದೋಣಿ ತುಂಬಿದ್ರೆ ನೀರೇ 400 ಕಿಲೋ ಹತ್ರ ಆಗ್ತದೆ, ಮೇಲಿಂದ ಹೊಳೆ ನೂಕುವುದು ಬೇರೆ. ಮರುದಿನ ಬೊಳ್ಳ ಇಳಿದ ಮೇಲೆ ಬಿಡಿಸಿದ್ದು.

ಹಾಗೆ ನೀರು ತುಂಬದಿರ್ಲಿಕ್ಕೆ ದೋಣಿಯ ಎರಡೂ ಮೂತಿಯೊಳಗೆ (ಮುಂದಿನ, ಹಿಂದಿನ ತುದಿ) ಜಾಗ ಹಿಡಿಯುವ ಏರ್ ಬ್ಯಾಗ್ ಬೇಕು. ಹೊರದೇಶದಿಂದ ತರಿಸುವ ಬ್ಯಾಗಿಗೆ ಕಸ್ಟಮ್ಸ್ ಎಲ್ಲ ಸೇರಿ ಒಂದಕ್ಕೇ 11,000 ಆಸುಪಾಸು ಹೇಳಿದ್ರು, ನನಗೆ ಬೇಕಾದ್ದು ಎರಡು. ಹಾಗಾಗಿ ಮೊದಲು ಲಾರಿ ಟ್ಯೂಬ್ ತುರುಕಿದೆ, ಅದು ಉರುಟು, ಮೂತಿಯ ಮೂಲೆಯಲ್ಲೆಲ್ಲ ನೀರು ನಿಲ್ತದೆ. ಮತ್ತೆ 20 ಲೀಟರಿನ ನೀರಿನ ಕ್ಯಾನ್ ಕಟ್ಟಿದ್ದು ಒಂದೇ ಪೆಟ್ಟಿಗೆ ಒಡೆದು ತೇಲಿ ಹೋಯ್ತು. ಕೊನೆಗೆ ಲಾರಿಗೆ ಹಾಕುವ ಪಿವಿಸಿ ಟಾರ್ಪಲ್ ಬಟ್ಟೆ ತಂದು, ಮೂತಿಯ ಆಕಾರಕ್ಕೆ ಪೇಪರ್ ಕಟಿಂಗ್ ಮಾಡಿ, ಬಿಸಿ ಗಾಳಿ ವೆಲ್ಡಿಂಗ್ ಮಾಡುವವರ ಹತ್ರ ಕೊಟ್ಟೆ. ಅವರು ಕೂಡ "ಇದೆಂತದಕ್ಕೆ, ಗಾಳಿ ನಿಲ್ಲುವುದಿಲ್ಲ" ಅಂತಲೇ ಹೇಳಿದ್ದು. ಮೊದಲ ಬ್ಯಾಗ್ ಲೀಕ್ ನೋಡ್ಲಿಕ್ಕೆ ಗಟ್ಟಿ ಊದಿ ಅಡಿಕೆ ಒಣಗಿಸುವ ಸೋಲಾರ್ ಗೂಡಲ್ಲಿ ಇಟ್ಟೆ, ಮಧ್ಯಾಹ್ನಕ್ಕೆ ಗಾಳಿ ಹಿಗ್ಗಿ ವೆಲ್ಡಿಂಗ್ ಬಿಟ್ಟಿತು, 1,800 ರೂಪಾಯಿ ಹೋಯ್ತು. ಎರಡನೆಯದಕ್ಕೆ ವೆಲ್ಡಿಂಗ್ ಪಟ್ಟಿ ಒಂದು ಇಂಚಿಂದ ಎರಡು ಇಂಚು ಮಾಡಿಸಿದೆ, ಅದು ಇವತ್ತಿಗೂ ನಿಂತಿದೆ.

ಬ್ಯಾಗಿಗಿಂತ ಅದನ್ನು ಹಿಡಿಯುವ ಬಲೆ ಮುಖ್ಯ. ದೋಣಿಯ ಅಂಚಿನ ಕೆಳಗೆ 4 ಇಂಚಿಗೊಂದು ತೂತು, 4 ಎಂಎಂ ನೈಲಾನ್ ಹಗ್ಗ, ಅಡ್ಡಡ್ಡ ಬಿಗಿದು, ನಡುವಲ್ಲಿ ತಳದಿಂದ ಮೇಲಕ್ಕೆ ಒಂದು ಬೆಲ್ಟ್. ಆ ನಡು ಬೆಲ್ಟ್ ಬಿಟ್ಟಿದ್ದ ದಿನ ಬ್ಯಾಗ್ ಹಲಸಿನ ಹಣ್ಣಿನ ಹಾಗೆ ಹೊರಗೆ ಜಾರಿತ್ತು.

ಮೊಣಕಾಲೂರಿ ಕೂತವನನ್ನು ದೋಣಿಗೆ ಹಿಡಿದಿಡುವ ತೊಡೆ ಬೆಲ್ಟ್ ನನಗೆ ಅಳು ತರಿಸಿದ್ದು ಸತ್ಯ. ಜೂನ್ ಮಳೆಯಲ್ಲಿ ಬೆಲ್ಟ್ ಸಿಕ್ಕಿಸುವ ಡಿ-ರಿಂಗ್ ಪ್ಯಾಚ್ ದೋಣಿಯ ಒಳಗೆ ಅಂಟಿಸಿದೆ, ಮೂರನೇ ದಿನ ಎರಡು ಕಿತ್ತು ಬಂತು. ಗಾಳಿಯಲ್ಲಿ ಅಷ್ಟು ತೇವ ಇದ್ರೆ ಗಮ್ ಹಿಡಿಯೋದಿಲ್ಲ. ನೋಡಿದ ಹಳೇ ವಿಡಿಯೊಗಳೆಲ್ಲ ರಾಯಲೆಕ್ಸ್ ಅನ್ನುವ ಪದರದ ಪ್ಲಾಸ್ಟಿಕ್ ಶೀಟಿನ ಹಲ್ (ದೋಣಿಯ ಮೈ) ಮೇಲೆ ಮಾಡಿದ್ದು, ಆ ಶೀಟ್ ತಯಾರಿ 2014ರಲ್ಲೇ ನಿಂತಿದೆ, ನನ್ನದು ಮಂಗಳೂರಲ್ಲಿ ಮೀನಿನ ದೋಣಿ ಮಾಡುವಲ್ಲಿ ಹೊಯ್ಸಿದ ಫೈಬರ್. ಮಾರ್ಚಲ್ಲಿ ಪುನಃ ಉಜ್ಜಿ, ಅಸಿಟೋನ್ ಒರೆಸಿ, ಅಂಟಿಸಿ, ಅದೇ ಅಡಿಕೆ ಗೂಡಲ್ಲಿ ಮೂರು ದಿನ ಇಟ್ಟೆ. ಗಮ್ಮಿಗೆ ಎಂತ ಸೇರಿಸಿದೆ ಅಂತ ಇಲ್ಲಿ ಹೇಳೋದಿಲ್ಲ, ಮನೆಗೆ ಬಂದವರಿಗೆ ತೋರಿಸ್ತೇನೆ. ಪಾಲಿಥೀನ್ ಪ್ಲಾಸ್ಟಿಕ್ ಹಲ್ ಇದ್ದವರು ಗಮ್ ನಂಬಬೇಡಿ, ಬೋಲ್ಟ್ ಹಾಕಿ.

ಬೆಲ್ಟ್ ಮೊದಲು ಮೊಣಕಾಲಿನ ಹತ್ರ ಕೂತಿತ್ತು, ವಾಲಿದ್ರೆ ದೋಣಿ ಒಂದು ಕಡೆ ನಾನು ಒಂದು ಕಡೆ. ಹಿಂದಿನ ರಿಂಗ್ 3 ಇಂಚು ಹಿಂದಕ್ಕೆ ಹಾಕಿದ ಮೇಲೆ ನಡು ತೊಡೆಗೆ ಬಂತು, ಆಮೇಲೆ ಮೂರನೇ ಸಲಕ್ಕೇ ರೋಲ್ ಸಿಕ್ಕಿತು. ಮೊಣಕಾಲಿಗೆ ಪ್ಯಾಡ್ ಅಂತ ತೆಂಗಿನ ನಾರು ಅಡಿಕೆ ಹಾಳೆಯಲ್ಲಿ ಹಾಕಿ ಹೊಲಿದು ನೋಡಿದ್ದೇನೆ, ನೆನೆದು ಕಲ್ಲಿನಷ್ಟು ಭಾರ ಆಗ್ತದೆ, ಬೇಡ, ನೀರು ಹೀರದ ಇವಿಎ ಫೋಮೇ ಹಾಕಿ. ಬಕಲ್ ಎಳೆಯುವ ತುದಿಗೆ ಕೈ ಬೆರಳು ಹೋಗುವಷ್ಟು ಕೆಂಪು ಲೂಪ್ ಹೊಲಿದಿದ್ದೇನೆ, ಬೇಸಿಗೆಯ ಕಯದಲ್ಲಿ (ಹೊಳೆಯ ಆಳದ ಗುಂಡಿಯಲ್ಲಿ) ತಲೆಕೆಳಗಾಗಿ ಕಣ್ಣು ಮುಚ್ಚಿ ನಲ್ವತ್ತು ಸಲ ಬಿಡಿಸಿ ನೋಡಿದ ಮೇಲೆಯೇ ಮಳೆಗಾಲದ ಹೊಳೆಗೆ ಇಳಿದದ್ದು.

ಹಾಳಾದ್ದು ಬಿಟ್ಟು ಒಟ್ಟು ಖರ್ಚು 8,500 ಒಳಗೆ. ಜೀಪಿನ ಮೇಲೆ ಬಿಸಿಲಲ್ಲಿ ಒಯ್ಯುವಾಗ ಬ್ಯಾಗಿನ ಗಾಳಿ ಸ್ವಲ್ಪ ಬಿಡ್ತೇನೆ, ನೀರಿಗೆ ಇಳಿಸಿ ತಂಪಾದ ಮೇಲೆ ಪುನಃ ಊದ್ತೇನೆ. ಮೊನ್ನೆ ಆ ವೆಲ್ಡಿಂಗಿನವರೇ ಫೋನ್ ಮಾಡಿ ಪೇಪರ್ ಕಟಿಂಗ್ ಇನ್ನೂ ಉಂಟಾ ಅಂತ ಕೇಳಿದ್ರು, ಸುಳ್ಯದಿಂದ ಯಾರೋ ಎರಡು ಬ್ಯಾಗ್ ಬೇಕು ಅಂತ ಬಂದಿದ್ದಾರಂತೆ.